ಆಷಾಢದೊಳಗೆ ಮುಗಿಯಬೇಕಾಗಿದ್ದ ಗೋಡೆ

ಮನೆಯ ಪಶ್ಚಿಮದ ಗೋಡೆಗೆ ಹೊರಗಿನಿಂದ ಪ್ಲಾಸ್ಟರಿಂಗ್ ಮಾಡಿಸಲು ನಮಗಿದ್ದದ್ದು ಒಂದೇ ತಿಂಗಳು. ಆಷಾಢ ಕಳೆದ ಮೊದಲ ಶುಕ್ರವಾರ ಪಕ್ಕದ ಸೈಟಿನಲ್ಲಿ ಗುದ್ದಲಿ ಪೂಜೆ ಎಂದು ಸೈಟಿನ ಒಡತಿಯ ಅಳಿಯ ಬಂದು ಹೇಳಿ ಹೋಗಿದ್ದ. ಆಮೇಲೆ ಅವರ ಗೋಡೆ ನಮ್ಮ ಗೋಡೆಗೆ ಬೆರಳು ತೂರದಷ್ಟು ಹತ್ತಿರ ಏಳುತ್ತದೆ. ಕರಣೆ ಹಿಡಿದ ಕೈ ಮತ್ತೆಂದೂ ಅಲ್ಲಿಗೆ ಹೋಗುವುದಿಲ್ಲ.

ತಪ್ಪು ನಮ್ಮದೇ. ಮಾಕಳಿಯಿಂದ ಒಳಕ್ಕೆ, ರಾಗಿ ಹೊಲ ಕತ್ತರಿಸಿ ಮಾಡಿದ ಆ ಬಡಾವಣೆಯಲ್ಲಿ ಪಕ್ಕಕ್ಕೆ ಬಿಡಬೇಕಾದ ಜಾಗವನ್ನು ಯಾರೂ ಬಿಟ್ಟಿರಲಿಲ್ಲ. ನಾವೂ ಬಿಡಲಿಲ್ಲ. ಅದು ಅಮ್ಮನ ಕೋಣೆಗೆ ಸೇರಿತು. ಪೀಣ್ಯದ ಬಾಡಿಗೆ ಮನೆಯಲ್ಲಿ ಅಮ್ಮ ಮಲಗುತ್ತಿದ್ದ ಕಡೆಯ ಗೋಡೆ ಮಳೆಗಾಲ ಪೂರ್ತಿ ಒದ್ದೆಯಾಗಿರುತ್ತಿತ್ತು. ಸುಣ್ಣ ಉದುರಿ, ಕಪ್ಪಗೆ ಬೂಷ್ಟು ಹಿಡಿದು, ಅವಳ ಉಬ್ಬಸ ದೀಪಾವಳಿಯವರೆಗೆ ಇಳಿಯುತ್ತಿರಲಿಲ್ಲ. ಅವಳಿಗೊಂದು ಒಣ ಗೋಡೆ ಬೇಕೆಂದೇ ಈ ಮನೆ ಕಟ್ಟಿಸಿದ್ದು. ಈಗ ನೋಡಿದರೆ ಮಳೆ ಬೀಸುವ ದಿಕ್ಕಿಗೆ ಬರಿಯ ಸಿಮೆಂಟ್ ಬ್ಲಾಕುಗಳ ಮೈ ತೋರಿಸಿಕೊಂಡು ನಿಂತದ್ದು ಅವಳ ಕೋಣೆಯೇ.

“ಬಿಡಿ ಸಾರ್,” ಎಂದ ಕಂಟ್ರಾಕ್ಟರ್. “ಪಕ್ಕದವ್ರ ಗೋಡೆ ಎದ್ರೆ ಅದೇ ನಿಮ್ಗೆ ಛತ್ರಿ. ಕಾಣ್ದೇ ಇರೋ ಗೋಡೆಗೆ ಯಾರ್ ಸಾರ್ ಪ್ಲಾಸ್ಟರ್ ಮಾಡಿಸ್ತಾರೆ?”

ಎರಡು ಗೋಡೆಗಳ ನಡುವಿನ ಸಂದಿಗೆ ಬಿದ್ದ ನೀರು ಎಲ್ಲಿಗೆ ಹೋಗುತ್ತದೆ ಎಂದು ಕೇಳಿದೆ. ಕೆಳಕ್ಕೆ ಹೋಗುತ್ತದೆ ಎಂದ.

ನಾನು ಪತ್ರಿಕೆಯ ಡೆಸ್ಕಿನಲ್ಲಿ ಕೆಲಸ ಮಾಡುತ್ತಿದ್ದವನು. ಎರಡು ಕಡೆ ಖಚಿತವಾಗದ ಸುದ್ದಿಯನ್ನು ಪುಟಕ್ಕೆ ಬಿಟ್ಟವನಲ್ಲ. ಗೋಡೆಯ ವಿಷಯದಲ್ಲೂ ಅದನ್ನೇ ಮಾಡಹೊರಟೆ. ಹೊಳೆ ಮರಳು ಸಿಗುವುದು ಕಷ್ಟವಾಗಿ, ಕಲ್ಲು ಪುಡಿ ಮಾಡಿದ ಎಂ-ಸ್ಯಾಂಡ್ ಬರತೊಡಗಿದ್ದ ವರ್ಷಗಳವು. ಎಂ-ಸ್ಯಾಂಡೇ ಗಟ್ಟಿ ಎಂದು ಕಂಟ್ರಾಕ್ಟರ್ ಹೇಳಿದ. ಅದರಲ್ಲಿ ಮಾಡಿದ ಗಾರೆ ಬಿರುಕು ಬಿಡದಿದ್ದರೆ ಅಂಗಡಿ ಮುಚ್ಚುತ್ತೇನೆ ಎಂದು ಮಾದನಾಯಕನಹಳ್ಳಿಯ ಸಿಮೆಂಟ್ ಅಂಗಡಿಯವನು ಹೇಳಿ, ನೀರು ಕಲಸಿದರೆ ಸಾಕು ಎನ್ನುವ ರೆಡಿಮಿಕ್ಸ್ ಚೀಲವೊಂದನ್ನು ಮುಂದಿಟ್ಟ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಗಾಜಿನ ಕಟ್ಟಡಗಳನ್ನು ಕಟ್ಟಿಸುವ ಎಂಜಿನಿಯರ್ ಗೆಳೆಯ ಫೋನಿನಲ್ಲೇ ನಕ್ಕು, ಎರಡೂ ಬೇಡ, ಒಳಗೆ ನೈಲಾನ್ ಬಲೆ, ಮೇಲೆ ರಬ್ಬರಿನಂಥ ಲೇಪ ಎಂದ. ಮತ್ತೆ ಕಂಟ್ರಾಕ್ಟರನ ಬಳಿ ಬಂದೆ. ಅವನು ಈಗ ಅಂಗಡಿಯವನ ಮಾತನ್ನೇ ಆಡಿದ.

ನೋಟ್‌ಬುಕ್ಕಿನಲ್ಲಿ ಪಟ್ಟಿ ಹಾಕಿದೆ. ಪಟ್ಟಿ ಬೆಳೆಯಿತು. ಆಷಾಢದ ಹದಿನೈದು ದಿನ ಹೋಯಿತು. ಪೀಣ್ಯದ ಮನೆಯಲ್ಲಿ ಅಮ್ಮ ಗೋಡೆಯಿಂದ ಮಂಚವನ್ನು ಈಚೆಗೆಳೆದುಕೊಳ್ಳುತ್ತ ಕೇಳಿದಳು: “ನಿಮ್ ಪೇಪರ್ ದಿನಾ ಬರತ್ತಲ್ಲೋ. ಈ ಪುಟ ಯಾವಾಗ ಪ್ರಿಂಟಿಗೆ ಹೋಗತ್ತೆ?”

ಕೊನೆಗೆ ಕೇಳಿದ್ದು ಗಾರೆ ಮೇಸ್ತ್ರಿಯನ್ನು. ಮೊದಲು ಕೇಳಬೇಕಾಗಿದ್ದವನು ಅವನೇ. ಯಾದಗಿರಿ ಕಡೆಯವನು, ಹಿಂದಿನ ರಸ್ತೆಯ ಬಾಡಿಗೆ ಕೋಣೆಯಲ್ಲಿದ್ದ. ಒಂದು ಮಗ್ ನೀರು ತಂದು ಗೋಡೆಗೆ ಎರಚಿ, ಅದು ಇಂಗುವುದನ್ನು ಮಗು ಹಾಲು ಕುಡಿಯುವುದನ್ನು ನೋಡಿದಂತೆ ನೋಡಿದ.

“ಮರಳಿನ ಮಾತ ಆಮ್ಯಾಲ ಸಾಹೇಬ್ರ. ಗ್ವಾಡಿ ಕಟ್ಟಿದಾಗ ಬ್ಲಾಕ್ ಹಸಿ ಇದ್ವು. ಒಣಗಿದಂಗ ಕುಗ್ಗತಾವ. ಹದಿನೈದು ದಿನದ ಹಿಂದ ಮಾಡಿದ್ರ ಪೂರಾ ಸೀಳತಿತ್ತು. ನೀವು ತಡಾ ಮಾಡಿದ್ದ ಛಲೋ ಆತು.”

ಎರಡು ವಾರ ನಾನು ಪಟ್ಟ ಶ್ರಮದಲ್ಲಿ ಗೋಡೆಗೆ ಉಪಯೋಗಕ್ಕೆ ಬಂದದ್ದು ನನ್ನ ತಡ ಮಾತ್ರ. ಅವನು ಹೇಳಿದ್ದು ಇಷ್ಟೇ: ಎಂ-ಸ್ಯಾಂಡನ್ನೇ ಜರಡಿ ಹಿಡಿದು ಬಳಸುವುದು, ಕಾಂಕ್ರೀಟ್ ಬೀಮ್ ಮತ್ತು ಬ್ಲಾಕು ಸೇರುವಲ್ಲಿ ತಂತಿ ಜಾಲರಿ ಹೊಡೆಯುವುದು, ಮೊದಲು ನೀರಾಗಿ ಕಲಸಿದ ಸಿಮೆಂಟನ್ನು ಎರಚಿ ಗೋಡೆಯನ್ನು ಒರಟು ಮಾಡುವುದು, ಅದರ ಮೇಲೆ ಎರಡು ಪದರ. ನೋಟ್‌ಬುಕ್ ಮುಚ್ಚಿದೆ.

ಮೇಸ್ತ್ರಿ ಹತ್ತಿ ನಿಂತು ಬಳಿಯಲು ಸಾರುವೆ ಕಂಬ ನೆಡಬೇಕಾಗಿದ್ದದ್ದು ಪಕ್ಕದ ಸೈಟಿನಲ್ಲಿ. ಅದರ ಒಡತಿ ಆ ಊರಿನ ಹಳೆಯ ಮನೆತನದ ಅಜ್ಜಿ. ಅಲ್ಲಿ ಅವರ ಹಸು ಕಟ್ಟುತ್ತಿದ್ದರು. ಹುಲ್ಲಿನ ಮೆದೆ ನಮ್ಮ ಗೋಡೆಗೇ ಒರಗಿತ್ತು.

“ಕಂಬ ನೆಟ್ಕೋ, ಯಾರು ಬ್ಯಾಡ ಅಂದ್ರು? ಮೆದೆ ಮುಟ್ಬ್ಯಾಡ,” ಎಂದರು ಅಜ್ಜಿ. “ಆಸಾಡದ ತುಂತುರು ಕಣಪ್ಪ. ಉಲ್ಲು ನೆಂದ್ರೆ ಅಸ ಮೂಸೂ ನೋಡಲ್ಲ.”

“ಮೆದೆ ಹಿಂದಿನ ಗೋಡೆ ಹಂಗೇ ಉಳಿಯತ್ತಲ್ಲ ಅಜ್ಜಿ. ನಮ್ಮಮ್ಮ ಮಲಗೋದು ಅಲ್ಲೇ.”

ಅಜ್ಜಿ ನನ್ನ ಇಸ್ತ್ರಿ ಶರ್ಟನ್ನು ನೋಡಿದರು. “ಅಂಗಾರೆ ನೀನೇ ಒತ್ಕೊಂಡೋಗಿ ಆ ಕಡೀಕೆ ಒಟ್ಟು. ಮ್ಯಾಲೆ ಟಾರ್ಪಾಲು ಮುಚ್ಚು. ನಿಮ್ಮಮ್ಮನ್ ಗ್ವಾಡೆ ತಾನೇ?”

ಒಟ್ಟಿದೆ. ಅಜ್ಜಿ ಹಸುವಿನ ಪಕ್ಕ ಕುಳಿತು, ಬುಡ ಅಗಲ ಮಾಡು, ತಲೆ ಚೂಪು ಮಾಡು ಎನ್ನುತ್ತ ಎರಡು ಸಲ ಕೆಡವಿಸಿ ಒಟ್ಟಿಸಿದರು. ಅಂದು ಮಧ್ಯಾಹ್ನ ಆಫೀಸಿನಲ್ಲಿ ಸಹೋದ್ಯೋಗಿ ನನ್ನ ಕಾಲರಿನಿಂದ ಹುಲ್ಲು ತೆಗೆದುಕೊಟ್ಟ.

ಆಮೇಲೆ ಗಾಳಿ. ಒರಟು ಪದರ ಹಿಡಿದ ಮೇಲೆ ಮೊದಲ ದಿನ ಬಳಿದ ಗಾರೆಯನ್ನು ಆಷಾಢದ ಗಾಳಿ ಸಂಜೆಯೊಳಗೆ ಒಣಗಿಸಿತು. ಬೆಳಿಗ್ಗೆ ನೋಡಿದರೆ ಅಮ್ಮನ ಮಂಚ ಬರುವ ಜಾಗದ ನೇರಕ್ಕೆ ಜೇಡರ ಬಲೆಯಂಥ ಬಿರುಕು. ಪುಟ್ಟಿ ಹಾಕಿ ಬಣ್ಣ ಹೊಡೆದರೆ ದೇವರಿಗೂ ಗೊತ್ತಾಗುವುದಿಲ್ಲ ಎಂದ ಕಂಟ್ರಾಕ್ಟರ್. ದೇವರನ್ನು ಇದರಲ್ಲಿ ಎಳೆಯಬೇಡ, ನೀರಿಗೆ ಗೊತ್ತಾಗುತ್ತದೆ ಎಂದು ನಾನು ಆ ತಿಂಗಳಲ್ಲಿ ಮೊದಲ ಸಲ ದನಿ ಏರಿಸಿದೆ. ಮೇಸ್ತ್ರಿ ಕರಣೆಯ ಹಿಡಿಯಿಂದ ಅಲ್ಲಲ್ಲಿ ತಟ್ಟಿದ. ಟೊಳ್ಳು ಸದ್ದು ಬಂತು.

“ಕಿತ್ತ ಹಾಕ್ತೀನ್ರಿ. ಇನ್ನ ಮ್ಯಾಲ ಬಿಸಿಲ ಏರೂದ್ರಾಗ ಮುಗಸೂನು.”

ಉಳಿದ ದಿನಗಳಲ್ಲಿ ಅವನು ಬೆಳಗಾಗುತ್ತಲೇ ಶುರುಮಾಡಿ ಹತ್ತು ಗಂಟೆಗೆ ನಿಲ್ಲಿಸಿದ. ಬಳಿದದ್ದರ ಮೇಲೆ ಗೋಣಿಚೀಲ ಇಳಿಬಿಟ್ಟು ಬೆಳಿಗ್ಗೆ ನಾನು, ಸಂಜೆ ಅವನು ನೀರು ಹೊಡೆದೆವು. ಭೀಮನ ಅಮಾವಾಸ್ಯೆಗೆ ಎರಡು ದಿನವಿದ್ದಾಗ ಚೀಲ ತೆಗೆದೆವು. ಬೂದು ಬಣ್ಣದ, ಒಂದೇ ಸಮನಾದ, ಬಿರುಕಿಲ್ಲದ ಗೋಡೆ. ಯಾರೂ ನೋಡಲಾರದ ಕಡೆ ಇಷ್ಟು ಚೆನ್ನಾಗಿ ಮಾಡಿದ್ದಾನಲ್ಲ ಎಂದು ನನಗೇ ಹೊಟ್ಟೆ ಉರಿಯಿತು. ರಸ್ತೆಗೆ ಕಾಣುವ ಮುಂದಿನ ಗೋಡೆಯೂ ಇಷ್ಟು ಚೆನ್ನಾಗಿರಲಿಲ್ಲ.

ಶುಕ್ರವಾರ ಪೂಜೆಗೆಂದು ಹೋದೆ. ಪೂಜೆ ಇರಲಿಲ್ಲ. ಗೋಡೆಯ ತುಂಬ, ಅಜ್ಜಿಯ ಕೈಗೆಟುಕುವಷ್ಟು ಎತ್ತರಕ್ಕೆ, ಸಾಲಾಗಿ ಬೆರಣಿ ತಟ್ಟಿತ್ತು. ಒಂದೊಂದರ ಮೇಲೂ ಐದು ಬೆರಳು.

“ಏನಜ್ಜಿ ಇದು?”

“ಅಳಿಯ ಕಾರ್ತೀಕಕ್ಕೆ ಅಂದವ್ನೆ ಕಣಪ್ಪ. ಅಲ್ಲೀಗಂಟ ಗ್ವಾಡೆ ಸುಮ್ಕಿರ್ತದಲ್ಲ. ನಿನ್ ಗಾರೆ ಬೋ ಪಸಂದಾಗದೆ, ಒಂದೂ ಉದ್ರಲ್ಲ.”

ಹೇಳಲು ಬಹಳವಿತ್ತು. ಆದರೆ ಕಂಬ ನೆಟ್ಟ ಗುಂಡಿಗಳು ಇನ್ನೂ ಅವರ ನೆಲದಲ್ಲಿ ಬಾಯಿ ಬಿಟ್ಟುಕೊಂಡಿದ್ದವು. ಗುದ್ದಲಿ ತಂದು ಅವನ್ನು ಮುಚ್ಚಿದೆ.

ಶ್ರಾವಣದಲ್ಲೇ ಗೃಹಪ್ರವೇಶ ಮಾಡಿ ಅಮ್ಮನನ್ನು ಕರೆತಂದೆವು. ಪಕ್ಕದ ಗೋಡೆಯ ಛತ್ರಿಯಿಲ್ಲದೆ ಆ ವರ್ಷದ ಮಳೆಯನ್ನೆಲ್ಲ ಆ ಗೋಡೆ ಒಂದೇ ಎದುರಿಸಿತು. ಜಡಿಮಳೆ ನಿಂತ ಪ್ರತಿ ಬೆಳಿಗ್ಗೆ ನಾನು ಅಮ್ಮನ ಕೋಣೆಗೆ ಹೋಗಿ, ಮಂಚದ ಹಿಂದೆ ಕೈ ತೂರಿಸಿ, ನೆಲದಿಂದ ಎದೆಯೆತ್ತರದವರೆಗೆ ಅಂಗೈ ಒತ್ತಿ ನೋಡುತ್ತಿದ್ದೆ. ಒಣಗಿರುತ್ತಿತ್ತು. ಮರುದಿನ ಮತ್ತೆ ಹೋಗುತ್ತಿದ್ದೆ.

ದಸರೆಯ ಹೊತ್ತಿಗೆ ಅಮ್ಮನಿಗೆ ಸಾಕಾಯಿತು. ಉಬ್ಬಸವಿಲ್ಲದ ದನಿಯಲ್ಲಿ, ಮಲಗಿದಲ್ಲಿಂದಲೇ ಗದರಿದಳು: “ಗೋಡೆಗೇನು ಜ್ವರ ಬಂದಿದ್ಯೇನೋ, ದಿನಾ ಮುಟ್ಟಿ ಮುಟ್ಟಿ ನೋಡ್ತೀಯ? ಹೋಗು, ನಿದ್ದೆ ಮಾಡಕ್ಕೆ ಬಿಡು.”