ಅತ್ತಿಗೆ ನಾಯಿಗಾಗಿ ಹೊಲಿದ ಕೌದಿ

ಐವತ್ತರ ದಶಕದ ಕೊನೆಯ ಮಾತು. ಶಿಕಾರಿಪುರದಿಂದ ಆನವಟ್ಟಿ ಸುತ್ತಿಕೊಂಡು ಸೊರಬಕ್ಕೆ ಹೋಗುವ ಖಾಸಗಿ ಬಸ್ಸಿನಲ್ಲಿ ನಮ್ಮಣ್ಣ ಕಂಡಕ್ಟರ್ ಆಗಿದ್ದ. ಶಿಕಾರಿಪುರದಲ್ಲಿ ಬಸ್ ನಿಲ್ಲುವ ಜಾಗಕ್ಕೆ ಹತ್ತಿರದ ಓಣಿಯಲ್ಲಿ ನಮ್ಮ ಬಾಡಿಗೆ ಮನೆ. ಅಪ್ಪ, ಅವ್ವ ಇಬ್ಬರೂ ತೀರಿಕೊಂಡಿದ್ದರಿಂದ ಮನೆಯಲ್ಲಿ ಅಣ್ಣ, ಅತ್ತಿಗೆ ಮತ್ತು ಇನ್ನೂ ಮದುವೆಯಾಗದ ತಂಗಿ ನಾನು, ಇಷ್ಟೇ ಜನ.

ಅತ್ತಿಗೆಯ ತವರು ಸೊರಬ. ಗಂಡ ದಿನವೂ ಅಲ್ಲಿಗೆ ಹೋಗಿಬರುತ್ತಿದ್ದರೂ ಅವಳು ಹೋಗಿ ವರ್ಷಗಳೇ ಆಗಿದ್ದವು. ಅವಳಪ್ಪ ಸತ್ತ ಮೇಲೆ ಜಮೀನು ಪಾಲಾಗುವಾಗ ಅಣ್ಣತಮ್ಮಂದಿರ ನಡುವೆ ಮಾತಿಗೆ ಮಾತು ಬೆಳೆದು, ಆ ಸಿಟ್ಟಿನಲ್ಲಿ ನಾಗರ ಪಂಚಮಿಗೆ ಅವಳನ್ನು ಕರೆಯಲು ಬರುವುದನ್ನೂ ಬಿಟ್ಟಿದ್ದರು. ಕರೆಯದೆ ತವರಿಗೆ ಹೋಗುವುದು ಹೇಗೆ? ಸಂಜೆ ಅಣ್ಣ ಬಂದು ಟಿಕೆಟ್ಟಿನ ಚೀಲವನ್ನು ಗೂಟಕ್ಕೆ ಹಾಕುವಾಗ, "ಸೊರಬದಲ್ಲಿ ಮಳೆ ಬಂತಾ?" ಎಂದು ಕೇಳುವಳು. ಅದಕ್ಕಿಂತ ಹೆಚ್ಚಿಗೆ ಏನನ್ನೂ ಕೇಳುತ್ತಿರಲಿಲ್ಲ.

ಬೇಸಿಗೆ ಮುಗಿಯುತ್ತ ಬಂದಿದ್ದ ಒಂದು ಸಂಜೆ ಅಣ್ಣ ಗೋಣಿಚೀಲದಲ್ಲಿ ಒಂದು ನಾಯಿಯನ್ನು ಎತ್ತಿಕೊಂಡು ಬಂದ. ಆನವಟ್ಟಿಯ ಹತ್ತಿರ ಯಾವುದೋ ಲಾರಿ ಅದರ ಹಿಂಗಾಲಿನ ಮೇಲೆ ಹಾದುಹೋಗಿತ್ತಂತೆ. ಬಸ್ಸಿನಲ್ಲಿದ್ದ ಕೆಲವರು ಬೇಡವೆಂದರೂ ಕೇಳದೆ ತನ್ನ ಕಾಲ ಬುಡದಲ್ಲೇ ಮಲಗಿಸಿಕೊಂಡು ತಂದಿದ್ದ. ಉದ್ದ ಮೂತಿಯ ಕಂದು ನಾಯಿ. ಕೊರಳಲ್ಲಿ ಕರಿ ಉಣ್ಣೆಯ ಹುರಿ.

"ಇದು ಕುರಿಯೋರ ನಾಯಿ," ಎಂದಳು ಅತ್ತಿಗೆ, ಹುರಿ ಮುಟ್ಟಿ ನೋಡಿ.

"ಹೌದು. ಅವರ ಹಿಂಡು ಮೊನ್ನೇನೇ ಊರ ಕಡೆ ಹೋತು. ಇದು ಎಲ್ಲಿ ತಪ್ಪಿಸ್ಕೊಂತೋ."

ಸುಗ್ಗಿ ಮುಗಿದ ಮೇಲೆ ಬಯಲುಸೀಮೆಯ ಕುರಿಗಾರರು ನಮ್ಮ ಕಡೆಗೆ ಬಂದು ಗೊಬ್ಬರಕ್ಕಾಗಿ ರಾತ್ರಿ ಗದ್ದೆಗಳಲ್ಲಿ ಕುರಿ ತರುಬುತ್ತಿದ್ದರು. ಮಳೆ ಹಿಡಿಯುವ ಮುಂಚೆ ಮರಳುತ್ತಿದ್ದರು. ಇನ್ನು ಅವರು ಬರುವುದು ಮುಂದಿನ ಸುಗ್ಗಿಗೇ.

ಮರುದಿನ ನಾನೂ ಅತ್ತಿಗೆಯೂ ನಾಯಿಯನ್ನು ದನದ ಆಸ್ಪತ್ರೆಗೆ ಹೊತ್ತುಕೊಂಡು ಹೋದೆವು. ಡಾಕ್ಟರು ಗಾಯ ತೊಳೆದು ಕಟ್ಟು ಹಾಕಿದರು.

"ಈ ಕಾಲು ಉಳಿಯೋದಿಲ್ಲಮ್ಮ. ತೆಗೆದರೆ ಜೀವ ಉಳೀಬಹುದು."

"ಹಂಗಾದ್ರೆ ತೆಗೀರಿ," ಎಂದಳು ಅತ್ತಿಗೆ.

"ತೆಗೀತೀನಿ. ಆದ್ರೆ ಇಲ್ಲಿರೋ ಔಷಧಿ ದನಕರುಗಳಿಗೆ ಅಂತ ಕೊಟ್ಟಿರೋದು. ಎಚ್ಚರ ತಪ್ಪಿಸೋ ಔಷಧಿ, ಚುಚ್ಚುಮದ್ದು ಎಲ್ಲ ಶಿವಮೊಗ್ಗದಿಂದ ಕೊಂಡು ತರಿಸ್ಬೇಕು. ತಡ ಮಾಡಬ್ಯಾಡಿ."

ಅಣ್ಣನ ಸಂಬಳದಲ್ಲಿ ಅದು ಆಗುವ ಮಾತಾಗಿರಲಿಲ್ಲ. ಎದುರುಮನೆಯ ಅಜ್ಜಿ ನಮ್ಮ ಜಗಲಿಯಲ್ಲಿ ಕೂತು ಎಲ್ಲ ಕೇಳಿಸಿಕೊಂಡಳು. ಮನೆಗೆ ಹೋಗಿ, ಪೆಟ್ಟಿಗೆಯಲ್ಲಿಟ್ಟಿದ್ದ ಅರ್ಧ ಹೊಲಿದ ಕೌದಿಯೊಂದನ್ನು ತಂದು ಅತ್ತಿಗೆಯ ತೊಡೆಯ ಮೇಲೆ ಹಾಕಿದಳು.

"ನನ್ನ ಕಣ್ಣು ಸೋತಾವು. ನೀವು ಮುಗಿಸ್ರಿ, ಮಾರ್ರಿ," ಎಂದಳು.

ಅತ್ತಿಗೆ ತನ್ನ ಟ್ರಂಕಿನಿಂದ ಹಸಿರು ಸೀರೆಯೊಂದನ್ನು ತೆಗೆದಳು. ಕೊನೆಯ ಸಲ ತವರಿಗೆ ಹೋದಾಗ ಉಡಿ ತುಂಬಿ ಕೊಟ್ಟದ್ದು. ಉಟ್ಟು ಉಟ್ಟು ಅಂಚಿನ ನೂಲೆದ್ದು ಜೂಲಾಗಿತ್ತು. ಹರಿಯುವ ಮುನ್ನ ಅದನ್ನು ಸ್ವಲ್ಪ ಹೊತ್ತು ಮುಖಕ್ಕೆ ಒತ್ತಿಕೊಂಡಳು. ಓಣಿಯ ಹೆಂಗಸರೂ ಮನೆಯಿಂದ ತುಂಡುಬಟ್ಟೆ ತಂದು ಕೂತರು. ಮಲೆನಾಡ ಕಡೆಯವಳಾದ ಅತ್ತಿಗೆಗೆ ಕೌದಿಯ ಹೊಲಿಗೆ ಬರುತ್ತಿರಲಿಲ್ಲ. ಅಜ್ಜಿ ಅವಳ ಬೆರಳು ಹಿಡಿದು ಸೂಜಿ ಓಡಿಸಿ ತೋರಿಸಿದಳು.

"ಒಬ್ರೇ ಕೊಂಡ್ರೆ ಎಷ್ಟು ಬಂದೀತು? ಚೀಟಿ ಮಾಡಾಣ," ಎಂದ ಅಣ್ಣ. ಬಸ್ಸಿನ ಮಾಲೀಕರನ್ನು ಕೇಳಿ ಒಪ್ಪಿಸಿ, ಕೌದಿಯನ್ನು ಡ್ರೈವರ್ ಸೀಟಿನ ಹಿಂದೆ ತೂಗುಹಾಕಿದ. ಟಿಕೆಟ್ ಕೊಡುವಾಗ, ಕೊಂಡವರ ಹೆಸರು ಬರೆದುಕೊಳ್ಳಲು ಒಂದೊಂದು ಚೀಟಿಯನ್ನೂ ಮುಂದೆ ಹಿಡಿಯುವನು. ಯಾರ ಚೀಟಿ ಎದ್ದರೆ ಕೌದಿ ಅವರಿಗೆ.

"ಮನುಷ್ಯರಿಗೇ ಔಷಧಿ ಇಲ್ಲ, ನಾಯಿಗೆ ದುಡ್ಡು ಎತ್ತೋಕೆ ಬಂದ್ಯಲ್ಲಪ್ಪ," ಎಂದು ರೇಗಿದವರಿದ್ದರು.

"ನಾಯಿಗೆ ಬ್ಯಾಡ್ರೀ, ಕೌದಿಗೆ ಕೊಡ್ರಿ," ಎನ್ನುವನು ಅಣ್ಣ.

ಕೆಲವರು ಮುಖ ತಿರುಗಿಸಿದರು. ಸಂತೆಗೆ ಹೋಗುವ ಹೆಂಗಸರು ಸೆರಗಿನ ಗಂಟು ಬಿಚ್ಚಿದರು. ಎಲೆ ಮಾರುವವನೊಬ್ಬ ದುಡ್ಡು ಕೊಟ್ಟು ಚೀಟಿ ಬೇಡವೆಂದನಂತೆ. ಕೊನೆಗೆ ಬಸ್ಸಿನಲ್ಲೇ ಚೀಟಿ ಎತ್ತಿದಾಗ, ಬಾಣಂತಿ ಮಗಳನ್ನು ನೋಡಲು ಸೊರಬಕ್ಕೆ ಹೊರಟಿದ್ದ ಒಬ್ಬ ಮುದುಕಿಗೆ ಕೌದಿ ಎದ್ದಿತು. "ಮೊಮ್ಮಗೂಗೆ ಆತು," ಎಂದು ಆಕೆ ಅದನ್ನು ಎದೆಗವಚಿಕೊಂಡು ಇಳಿದಳಂತೆ. ಅದನ್ನು ಕೇಳಿ ಅತ್ತಿಗೆ, "ಸೊರಬಕ್ಕೇ ಹೋತಲ್ಲ," ಎಂದಳು.

ಶಿವಮೊಗ್ಗದಿಂದ ಔಷಧಿ ಬಂತು. ನಾಯಿಗೆ ಎಚ್ಚರ ತಪ್ಪುವವರೆಗೂ ಅತ್ತಿಗೆ ಅದರ ತಲೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. ನನಗೆ ನೋಡಲಾಗದೆ ಹೊರಗೆ ಮರದ ಕೆಳಗೆ ನಿಂತಿದ್ದೆ. ಡಾಕ್ಟರು ಬೆವರು ಒರೆಸಿಕೊಳ್ಳುತ್ತ ಬಂದು, "ಎತ್ತು ಎಮ್ಮೆ ಕೊಯ್ದಿದ್ದೀನಿ. ನಾಯಿ ಇದೇ ಮೊದಲು. ಉಸಿರಾಡ್ತಾ ಇದೆ," ಎಂದರು.

ಮಳೆಗಾಲವೆಲ್ಲ ಆರೈಕೆಯಲ್ಲೇ ಕಳೆಯಿತು. ಹಾಲು ಬೆರೆಸಿದ ಗಂಜಿಯನ್ನು ಅತ್ತಿಗೆ ಬೆರಳಿನಿಂದ ಅದರ ಬಾಯಿಗಿಡುತ್ತಿದ್ದಳು. ಗಾಯ ಮಾಗಿದ ಮೇಲೆ ಹಳೆಯ ಸೀರೆಯನ್ನು ಅದರ ಹೊಟ್ಟೆಯ ಕೆಳಗೆ ಹಾಯಿಸಿ, ಎರಡೂ ತುದಿ ಮೇಲೆತ್ತಿ ಹಿಡಿದು, ಹಿತ್ತಲಲ್ಲಿ ನಡೆಸುತ್ತಿದ್ದೆವು. ಮಳೆ ಬಿಟ್ಟ ದಿನ ಕೆರೆಗೆ ಕರೆದೊಯ್ದರೆ ನೀರಿನಲ್ಲಿ ನಾಲ್ಕು ಕಾಲಿದ್ದಂತೆಯೇ ಈಜುತ್ತಿತ್ತು. ಅದರ ಬೆನ್ನು ತಿಕ್ಕುತ್ತ ಅತ್ತಿಗೆ ತನ್ನ ಅಪ್ಪನ ಮನೆಯ ಹಲಸಿನ ಮರ, ಕೊಟ್ಟಿಗೆಯ ಎಮ್ಮೆ, ತನ್ನ ದೊಡ್ಡಣ್ಣನ ಹೆಗಲ ಮೇಲೆ ಕೂತು ತೆಪ್ಪೋತ್ಸವ ನೋಡಿದ್ದು ಎಲ್ಲವನ್ನೂ ಅದಕ್ಕೆ ಹೇಳುವಳು. ನನಗೆ ಯಾವತ್ತೂ ಹೇಳದ ಮಾತುಗಳು.

ನಾನು ಅದಕ್ಕೆ ಹೆಸರಿಡಲು ಹೋದರೆ ಬೇಡವೆಂದಳು. "ಅದಕ್ಕೊಂದು ಹೆಸ್ರು ಇದ್ದೇ ಇರುತ್ತೆ ಕಣೆ. ನಮಗೆ ಗೊತ್ತಿಲ್ಲ ಅಷ್ಟೆ."

ಮೂರು ಕಾಲಿನಲ್ಲಿ ನಡೆಯಲು ಕಲಿತದ್ದೇ ನಾಯಿ ರಸ್ತೆಗೆ ಹೋಗಿ ಕೂರತೊಡಗಿತು. ಆನವಟ್ಟಿ ಕಡೆಗೇ ಮುಖ. ಕರೆದರೆ ಬಾಲ ಆಡಿಸುವುದು, ಏಳದು. "ದಾರಿ ನೋಡ್ತಿದೆ. ನೋಡ್ಲಿ ಬಿಡು," ಎನ್ನುವಳು ಅತ್ತಿಗೆ. ಆ ವರ್ಷದ ಪಂಚಮಿಗೂ ಅವಳನ್ನು ಕರೆಯಲು ಯಾರೂ ಬರಲಿಲ್ಲ. ಎಣ್ಣೆ ಹಚ್ಚಿ ತಲೆ ಬಾಚಿಕೊಂಡು, ತಂಬಿಟ್ಟು ಮುರಿದು ನಾಯಿಗೆ ಕೊಡುತ್ತ ಅವಳೂ ಸಂಜೆಯವರೆಗೆ ರಸ್ತೆಯ ಬದಿಯ ಕಲ್ಲಿನ ಮೇಲೆ ಕೂತಿದ್ದಳು.

ಸುಗ್ಗಿ ಮುಗಿದು ಕುರಿಹಿಂಡುಗಳು ಬರತೊಡಗಿದವು. ಅಣ್ಣ ಬಸ್ಸು ನಿಂತಲ್ಲೆಲ್ಲ ಕುರಿಗಾರರನ್ನು ವಿಚಾರಿಸಿದ. ಒಂದು ಮಧ್ಯಾಹ್ನ ಕಂಬಳಿ ಹೊದ್ದ ನಡುವಯಸ್ಸಿನವನೊಬ್ಬ ಅಣ್ಣನ ಹಿಂದೆ ಬಸ್ಸಿನಿಂದ ಇಳಿದ. ಅವನು ನಾಲಿಗೆಯಲ್ಲಿ ಟಕ್ ಎಂದು ಸದ್ದು ಮಾಡಿದನಷ್ಟೆ. ರಸ್ತೆಯಲ್ಲಿದ್ದ ನಾಯಿ ಬಿದ್ದು, ಎದ್ದು, ಕುಂಯ್‌ಗುಡುತ್ತ ಹೋಗಿ ಅವನ ಮೇಲೆರಗಿತು. ಅವನು ಅಲ್ಲೇ ನೆಲದ ಮೇಲೆ ಕೂತು ಅದನ್ನು ತಬ್ಬಿಕೊಂಡ. ಕಾಲಿಲ್ಲದ ಜಾಗ ಕೈಗೆ ತಾಗಿದಾಗ ಅದನ್ನೇ ಮತ್ತೆ ಮತ್ತೆ ಸವರಿದ.

"ಸತ್ತೋತು ಅಂತ ತಿಳ್ದಿದ್ದೆ, ಅವ್ವಾ," ಎಂದ ಆಮೇಲೆ. "ಭಾಳ ಹುಡುಕಿದೆ. ಹಿಂಡು ಮುಂದ ಹೋಗಿತ್ತು, ನಿಲ್ಲಾಕ ಆಗಲಿಲ್ಲ."

ಅತ್ತಿಗೆ ಅವನಿಗೆ ಮಜ್ಜಿಗೆ ಕೊಟ್ಟಳು. ಕುಡಿದು, ತಲೆ ತಗ್ಗಿಸಿ, "ಕುರಿ ಹಿಂದ ಓಡಾಕ ಇದಕ್ಕ ಇನ್ನ ಆಗಂಗಿಲ್ಲ. ಜೀವ ಉಳಿಸಿದೋರು ನೀವು. ಇಲ್ಲೇ ಇರಲಿ," ಎಂದ.

ಅತ್ತಿಗೆ ನಾಯಿಯ ಕಡೆ ನೋಡಿದಳು. ನಾಯಿ ಅವನ ಕಂಬಳಿಯೊಳಗೆ ಮೂತಿ ತೂರಿಸಿ ಕಣ್ಣು ಮುಚ್ಚಿತ್ತು.

"ಕರ್ಕೊಂಡು ಹೋಗಪ್ಪ," ಎಂದಳು. "ಇಷ್ಟು ದಿನ ನಿನ್ನ ದಾರೀನೇ ಕಾದಿದೆ. ನಡೀಲಿಕ್ಕೆ ಆಗದಿದ್ರೆ?"

"ಸಣ್ಣ ಮರಿ ಹೊರೋ ಕುದುರಿ ಐತಿ. ಅದರ ಮ್ಯಾಲೆ ಕುಂದ್ರಸ್ತೀನಿ."

ಅವರ ಹಿಂಡು ಊರಾಚೆ ತಂಗಿ ಹೊರಟ ದಿನ ನಾವೂ ಹೋಗಿ ನೋಡಿದೆವು. ಹೇಳಿದಂತೆಯೇ ಅವನು ಕುದುರೆಯ ಬೆನ್ನಿನ ಚೀಲದಲ್ಲಿ, ಕುರಿಮರಿಗಳ ಪಕ್ಕ ನಾಯಿಯನ್ನು ಕೂರಿಸಿದ. ಹಿಂಡು ದೂಳೆಬ್ಬಿಸುತ್ತ ಹೊರಟಿತು. ನಾಯಿ ಮುಂದಕ್ಕೇ ನೋಡುತ್ತಿತ್ತು.

"ತಿರುಗಿ ನೋಡ್ಲೇ ಇಲ್ಲ ನೋಡು," ಎಂದಳು ಅತ್ತಿಗೆ. ನಗಲು ಹೋಗಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಕೆಲವು ದಿನಗಳ ಮೇಲೆ ಬೆಳಗಿನ ಬಸ್ಸಿಗೆ ಅವಳು ಚೀಲ ಹಿಡಿದು ನಿಂತಿದ್ದಳು.

"ಯಾರಾದ್ರೂ ಕರೆದ್ರಾ?" ಎಂದು ಕೇಳಿದ ಅಣ್ಣ.

"ಇಲ್ಲ. ನನಗೇ ನೋಡ್ಬೇಕು ಅನ್ಸಿದೆ ರೀ, ಹೋಗ್ತೀನಿ."

ಅವಳ ಜೊತೆಗೆ ನಾನೂ ಹೋದೆ. ಸೊರಬದ ಮನೆಯಲ್ಲಿ ಅವಳ ದೊಡ್ಡಣ್ಣ ಜಗಲಿಯ ಮೇಲೆ ಹಗ್ಗ ಹೊಸೆಯುತ್ತಿದ್ದರು. ತಂಗಿಯನ್ನು ಕಂಡು ಕೈ ನಿಂತಿತು. ಒಳಕ್ಕೆ ತಿರುಗಿ, "ಏ, ಕಾಲಿಗೆ ನೀರು ತಾರೆ," ಎಂದು ಕೂಗಿದರು. ಪಾಲಾಗಿ ಬೇರೆ ಮನೆಯಲ್ಲಿದ್ದ ಅವಳ ತಮ್ಮ ಆ ದಿನ ಅವಳನ್ನು ನೋಡಲು ಬರಲಿಲ್ಲ. ಮುಂದೆಯೂ ಬಹಳ ಕಾಲ ಬರಲಿಲ್ಲ. ಆದರೆ ಅತ್ತಿಗೆ ವರ್ಷವರ್ಷವೂ ಹೋದಳು.

ನಾನು ಮದುವೆಯಾಗಿ ರಾಣೆಬೆನ್ನೂರಿನ ಕಡೆಗೆ ಬಂದೆ. ನಾಯಿ ಎಷ್ಟು ವರ್ಷ ಬದುಕಿತೋ ತಿಳಿಯಲಿಲ್ಲ. ಆ ಕುರಿಗಾರ ಮತ್ತೆ ನಮ್ಮ ಊರಿನ ದಾರಿಗೆ ಬರಲಿಲ್ಲ. ಅಣ್ಣನೂ ಅತ್ತಿಗೆಯೂ ತೀರಿಕೊಂಡು ಬಹುಕಾಲವಾಯಿತು. ನನ್ನನ್ನು ಹಬ್ಬಕ್ಕೆ ಕರೆಯಲು ಅಣ್ಣನನ್ನು ಒಂದು ವರ್ಷವೂ ತಪ್ಪದೆ ಕಳಿಸುತ್ತಿದ್ದವಳು ಅವಳು. ಈಗಲೂ ಶ್ರಾವಣ ಬಂದರೆ, ಬರುವವರು ಯಾರೂ ಇಲ್ಲವೆಂದು ಗೊತ್ತಿದ್ದರೂ, ಸೀರೆ ಮಡಚಿ ಚೀಲಕ್ಕಿಡಬೇಕೆನಿಸುತ್ತದೆ.