ಹನ್ನೊಂದನೇ ನಮೋ ಮರಿಯಾ

ಇದು ನಡೆದದ್ದು. ನನ್ನ ಮನೆಯಲ್ಲಿ, ನನ್ನ ಹೆಂಡತಿ ಮಗನ ಎದುರಿಗೇ ನಡೆದದ್ದು. ನಂಬಿ ಎಂದು ಯಾರ ಕಾಲನ್ನೂ ಹಿಡಿಯುವವನು ನಾನಲ್ಲ.

ದೆವ್ವದ ಕಥೆ ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ. ನಮ್ಮ ಫ್ಯಾಕ್ಟರಿ ಕ್ಯಾಂಟೀನಿನಲ್ಲಿ ಅಂಥವರು ಟೇಬಲ್ಲಿಗೆ ಇಬ್ಬರಂತೆ ಸಿಗುತ್ತಾರೆ. ಒಬ್ಬನಿಗೆ ಶೂಲಗಿರಿ ಹತ್ತಿರ ಬಿಳಿ ಸೀರೆಯವಳು ಲಿಫ್ಟ್ ಕೇಳಿದಳಂತೆ. ಅವನನ್ನು ಕಟ್ಟಿಕೊಂಡವಳೇ ಎರಡನೇ ಸಲ ತಿರುಗಿ ನೋಡುವುದಿಲ್ಲ, ದೆವ್ವ ಯಾಕೆ ಅವನ ಹಿಂದೆ ಬೀಳಬೇಕು? ನನ್ನ ಕಥೆಯಲ್ಲಿ ಬಿಳಿ ಸೀರೆ ಇಲ್ಲ, ಗೆಜ್ಜೆ ಸದ್ದಿಲ್ಲ, ಮಲ್ಲಿಗೆ ವಾಸನೆಯೂ ಇಲ್ಲ. ಅದು ಬೇಕಾದವರು ಕ್ಯಾಂಟೀನಿಗೆ ಹೋಗಬಹುದು.

ಹೊಸೂರಿನ ಒಂದು ಫ್ಯಾಕ್ಟರಿಯಲ್ಲಿ ನಾನು ಕ್ವಾಲಿಟಿ ಇನ್‌ಸ್ಪೆಕ್ಟರ್. ಪೀಸು ಅಳೆಯುವುದು, ಅಳತೆಗೆ ಬಾರದ್ದಕ್ಕೆ ಕೆಂಪು ಬಣ್ಣ ಬಳಿದು ಪಕ್ಕಕ್ಕೆ ಎಸೆಯುವುದು, ಇಷ್ಟೇ ಕೆಲಸ. ಮನೆಗೆ ಬಂದ ಮೇಲೂ ಆ ಕೆಂಪು ಡಬ್ಬಿ ನನ್ನ ಕೈಬಿಡುವುದಿಲ್ಲ ಎಂದು ನನ್ನ ಹೆಂಡತಿ ಆರೋಗ್ಯಮ್ಮ ಹೇಳುತ್ತಾಳೆ. ಹೇಳಲಿ.

ನಾವು ಕ್ರೈಸ್ತರು, ಅಜ್ಜನ ಕಾಲದಿಂದ. ಕೆಲಮಂಗಲದ ದಾರಿಯಲ್ಲಿ ನಮ್ಮ ಮನೆ. ರಾತ್ರಿ ಎಂಟಾದರೆ ಟಿವಿ ಆರಿಸಿ, ಚಾಪೆ ಹಾಸಿ, ಜಪಸರ ಹೇಳಲೇಬೇಕು. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಜಪಸರದಲ್ಲಿ ಹತ್ತು ಹತ್ತು ಮಣಿಗಳ ಐದು ಗುಂಪು, ಮಣಿಗೊಂದು 'ನಮೋ ಮರಿಯಾ'. ಒಬ್ಬರು ಮೊದಲರ್ಧ ಹೇಳಿದರೆ ಮಿಕ್ಕವರೆಲ್ಲ 'ಸಂತ ಮರಿಯಾ' ಎಂದು ಉಳಿದರ್ಧ ಮುಗಿಸಬೇಕು. ಮೊದಲ ಹತ್ತು ನನ್ನದು, ಎರಡನೆಯದು ಹೆಂಡತಿಯದು, ಮೂರನೆಯದು ಮಗಳು ಸ್ಟೆಲ್ಲಾಳದು, ನಾಲ್ಕನೆಯದು ಮಗ ಜೋಸೆಫನದು, ಕೊನೆಯದು ಮತ್ತೆ ನನ್ನದು.

ಸ್ಟೆಲ್ಲಾಳಿಗೆ ಒಂದು ಚಾಳಿ. ಬಸ್ಸಿಗೆ ಹೊತ್ತಾಯಿತು ಅನ್ನುವ ಹಾಗೆ ಓಡಿಸುತ್ತಿದ್ದಳು. ಹತ್ತು ಮುಗಿದ ಮೇಲೆ ಬೇರೆ ಪ್ರಾರ್ಥನೆಗೆಂದು ಬರುವ ದೊಡ್ಡ ಮಣಿಯನ್ನೂ ಸೇರಿಸಿಕೊಂಡು ಯಾವಾಗಲೂ ಹನ್ನೊಂದು ಹೇಳುತ್ತಿದ್ದಳು. "ಹನ್ನೊಂದಾಯ್ತು ಕಣೇ ಸ್ಟೆಲ್ಲಾ!" ಎಂದು ನಾನು ಗದರುವುದು, ಅವಳು ಕಿಸಕ್ಕನೆ ನಗುವುದು, ಇದು ದಿನದ ಪಾಠವಾಗಿತ್ತು.

ಇದು ನಡೆಯುವುದಕ್ಕೆ ಮೂರು ವರ್ಷ ಮುಂಚೆ ಅವಳು ಮಂಜುನಾಥ ಎಂಬವನನ್ನು ರಿಜಿಸ್ಟರ್ ಮದುವೆಯಾದಳು. ಬೇರಿಕೆಯ ಒಕ್ಕಲು ಮನೆಯವನು, ಹಿಂದೂ, ನಮ್ಮದೇ ಫ್ಯಾಕ್ಟರಿಯಲ್ಲಿ ಮಶೀನ್ ಆಪರೇಟರ್. ಮೀಸೆ ಕೂಡ ನೆಟ್ಟಗೆ ಬಾರದ ಆ ಮುಖದಲ್ಲಿ ಏನು ಕಂಡಳೋ. ಅವನ ಮಶೀನಿನಿಂದ ಬಂದ ಪೀಸುಗಳನ್ನು ನಾನು ಎರಡೆರಡು ಸಲ ಅಳೆಯುತ್ತಿದ್ದೆ. ಹಾಳಾದವನದು ಒಂದೂ ರಿಜೆಕ್ಟ್ ಆಗುತ್ತಿರಲಿಲ್ಲ.

"ಇನ್ಮೇಲೆ ಈ ಮನೇಲಿ ಅವಳ ಹೆಸ್ರು ಯಾರೂ ಎತ್ತಂಗಿಲ್ಲ. ಪ್ರಾರ್ಥನೇಲೂ ಎತ್ತಂಗಿಲ್ಲ" ಎಂದುಬಿಟ್ಟೆ.

ಚರ್ಚಿನಲ್ಲಿ ನಾಲ್ಕು ಜನ ಬೆನ್ನು ತಟ್ಟಿದರು, ವಿಶ್ವಾಸ ಅಂದರೆ ಇದು ಎಂದರು. ಭಾನುವಾರದ ಪೂಜೆಯ ಹೊತ್ತಿನಲ್ಲಿ ಹೊರಗೆ ನಿಂತು ಸೈಟಿನ ವ್ಯಾಪಾರ ಮಾತಾಡುವ ಗಿರಾಕಿಗಳು ಅವರು. ಅವರ ಹೊಗಳಿಕೆಯೂ ನನಗೆ ಬೇಕಾಗಿರಲಿಲ್ಲ. ಫಾದರ್ ಒಂದು ದಿನ ಮನೆಗೇ ಬಂದು, ಕ್ಷಮಿಸಬೇಕು, ಮಗಳಲ್ಲವೇ ಎಂದರು. "ನಿಮಗೆಷ್ಟು ಮಕ್ಳು ಫಾದರ್?" ಎಂದು ಕೇಳಿದೆ. ಅವರು ಕಾಫಿ ಕುಡಿದು ಎದ್ದು ಹೋದರು.

ಮೂರನೇ ಹತ್ತನ್ನು ಅವತ್ತಿನಿಂದ ನಾನೇ ಹೇಳತೊಡಗಿದೆ. ಮೂರು ವರ್ಷ ಹಾಗೇ ನಡೆಯಿತು.

ಇದು ನಡೆದ ದಿನ ಎಂಟಕ್ಕೆ ಸರಿಯಾಗಿ ಕರೆಂಟು ಹೋಯಿತು. ಮೇಣದಬತ್ತಿ ಮುಗಿದಿತ್ತು. ಫೋನಿನ ಟಾರ್ಚು ಹಾಕುತ್ತೇನೆ ಎಂದು ಜೋಸೆಫ್ ಅಂದ. ಟಾರ್ಚಿನ ನೆಪದಲ್ಲಿ ಇವನು ಏನು ನೋಡುತ್ತಾನೆಂದು ನನಗೆ ಗೊತ್ತಿಲ್ಲವೇ. "ದೇವರಿಗೆ ಕತ್ತಲಲ್ಲೂ ಕಣ್ಣು ಕಾಣ್ತದೆ, ಮುಚ್ಕೊಂಡು ಕೂತ್ಕೊಳ್ಳೋ" ಎಂದೆ.

ಎರಡು ದಿನದಿಂದ ನನ್ನ ಗಂಟಲು ಕಟ್ಟಿತ್ತು. ಪಿಸುದನಿಯಲ್ಲೇ ನನ್ನ ಹತ್ತು ಮುಗಿಸಿದೆ. ಆರೋಗ್ಯಮ್ಮ ಎರಡನೆಯದನ್ನು ಮುಗಿಸಿದಳು. ಮೂರನೆಯದು ಶುರುಮಾಡುವ ಮುಂಚೆ ಒಂದು ಗುಟುಕು ನೀರು ಕುಡಿಯೋಣವೆಂದು ಕತ್ತಲಲ್ಲಿ ಚೊಂಬಿಗೆ ತಡಕಾಡಿದೆ.

ಅಷ್ಟರಲ್ಲಿ "ನಮೋ ಮರಿಯಾ..." ಎಂದು ಶುರುವಾಯಿತು.

ನನ್ನ ಗಂಟಲು ನೋಡಿ ಹೆಂಡತಿಯೇ ಮುಂದುವರಿಸಿದಳು ಅಂದುಕೊಂಡೆ. "ಸಂತ ಮರಿಯಾ..." ಎಂದು ಉತ್ತರ ಕೊಟ್ಟೆ. ಅವರಿಬ್ಬರೂ ಕೊಟ್ಟರು. ಎರಡನೇ ಮಣಿ, ಮೂರನೇ ಮಣಿ... ದಿನದ ಜಪ ಅಂದರೆ ನಿಮಗೆ ಗೊತ್ತಲ್ಲ, ಬಾಯಿ ಅದರ ಪಾಡಿಗೆ ನಡೆಯುತ್ತಿರುತ್ತದೆ, ತಲೆ ನಾಳೆಯ ಶಿಫ್ಟಿನಲ್ಲಿರುತ್ತದೆ. ಭಕ್ತಿ ಭಕ್ತಿ ಎಂದು ಜಂಬ ಪಡುವ ನಾವು, ಯಾರು ಹೇಳಿಕೊಡುತ್ತಿದ್ದಾರೆ ಎಂದು ನೋಡದೆ ಆರು ಮಣಿ ದಾಟಿಬಿಟ್ಟೆವು.

ಏಳನೆಯದಕ್ಕೆ ನನಗೆ ಎಚ್ಚರವಾಯಿತು. ಜಪ ಓಡುತ್ತಿತ್ತು... ಉಸಿರು ತೆಗೆದುಕೊಳ್ಳಲೂ ಬಿಡದೆ ಓಡುತ್ತಿತ್ತು. ದನಿ ಆರೋಗ್ಯಮ್ಮನ ಕಡೆಯಿಂದ ಬರುತ್ತಿರಲಿಲ್ಲ. ಚಾಪೆಯ ನಾಲ್ಕನೇ ಮೂಲೆಯಿಂದ, ಗೋಡೆ ಪಕ್ಕದಿಂದ ಬರುತ್ತಿತ್ತು. ಅಲ್ಲಿ ಮೂರು ವರ್ಷದಿಂದ ಯಾರೂ ಕೂತಿರಲಿಲ್ಲ.

ಆಗ ವಾಸನೆ ಬಂತು. ಪೆಟ್ಟಿಗೆಯಲ್ಲಿ ಬಹಳ ದಿನ ಇಟ್ಟಿದ್ದ ಬಟ್ಟೆಯ ವಾಸನೆ, ನುಸಿಗುಳಿಗೆಯದು.

ಎಂಟು. ಒಂಬತ್ತು. ಹತ್ತು...

ಹನ್ನೊಂದು.

ಬೈಗುಳ ನನ್ನ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ಇದನ್ನು ಚೆನ್ನಾಗಿ ನೆನಪಿಟ್ಟುಕೊಳ್ಳಿ, ನಾನು ತುಟಿ ಬಿಚ್ಚಲಿಲ್ಲ. ಆ ಕಟ್ಟಿದ ಗಂಟಲಿನಲ್ಲಿ ಬಿಚ್ಚಿದ್ದರೂ ಪಕ್ಕದವರಿಗೆ ಕೇಳಿಸುತ್ತಿರಲಿಲ್ಲ.

ದನಿ ನಿಂತಿತು.

"ಯಾರು ಹೇಳಿದ್ದು?" ಎಂದು ಪಿಸುಗುಟ್ಟಿದೆ.

"ಅಮ್ಮ ಅಂದ್ಕೊಂಡೆ" ಎಂದ ಜೋಸೆಫ್. ಹತ್ತೊಂಬತ್ತು ವರ್ಷದ ಗಂಡಸಿನ ದನಿ ಬೆಕ್ಕಿನ ಮರಿಯ ದನಿಯಾಗಿತ್ತು.

"ನಾನಲ್ಲ ಕಣೋ..." ಎಂದಳು ಆರೋಗ್ಯಮ್ಮ.

ನಾನು ಕೈ ಚಾಚಿ ಆ ಮೂಲೆಯನ್ನು ಮುಟ್ಟಿದೆ. ಚಾಪೆ ಬೆಚ್ಚಗಿತ್ತು... ಈಗಷ್ಟೇ ಒಬ್ಬರು ಎದ್ದು ಹೋದ ಜಾಗದ ಹಾಗೆ.

"ರೀ, ಅವಳಿಗೆ ಏನೋ ಆಗ್ಬುಟ್ಟೈತೆ ಕಣ್ರೀ. ಫೋನ್ ಮಾಡ್ರೀ."

"ನಂಬರ್ ಎಲ್ಲೈತೆ ನಮ್ಮತ್ರ?"

ಆರೋಗ್ಯಮ್ಮ ಎದ್ದು ಅಡುಗೆಮನೆಗೆ ಹೋದಳು. ನಂಬರನ್ನು ರಾಗಿ ಡಬ್ಬದ ಮುಚ್ಚಳದ ಒಳಗೆ ಬರೆದಿಟ್ಟಿದ್ದಳು. ಮೂರು ವರ್ಷ ನಾನು ತಿಂದ ಮುದ್ದೆಯೆಲ್ಲ ಅದೇ ಡಬ್ಬದ್ದು. ಪೀಸಿನಲ್ಲಿ ಕೂದಲೆಳೆಯ ಗೀರು ಬಿದ್ದರೂ ಕಂಡುಹಿಡಿಯುವ ಇನ್‌ಸ್ಪೆಕ್ಟರಿಗೆ ಮನೆಯ ಡಬ್ಬ ಕಂಡಿರಲಿಲ್ಲ.

ಜೋಸೆಫ್ ಡಯಲ್ ಮಾಡಿದ. ಸ್ವಿಚ್ ಆಫ್. ಮತ್ತೆ ಮಾಡಿದ. ಸ್ವಿಚ್ ಆಫ್.

ಆಗ ಹೆದರಿದೆ. ಮುಚ್ಚುಮರೆ ಯಾಕೆ, ಚೆನ್ನಾಗಿಯೇ ಹೆದರಿದೆ. ಬೈಕು ತೆಗೆದು ಆರೋಗ್ಯಮ್ಮನನ್ನು ಹಿಂದೆ ಕೂರಿಸಿಕೊಂಡು, ಹೊಸೂರು ದಾಟಿ ಬಾಗಲೂರು ರಸ್ತೆ ಹಿಡಿದೆ. ಗುಲಾಬಿ ತೋಟಗಳ ಪ್ಲಾಸ್ಟಿಕ್ ಶೆಡ್ಡುಗಳು ಗಾಳಿಗೆ ಪಟಪಟ ಎನ್ನುತ್ತಿದ್ದವು. ಮಗಳು ಬದುಕಿದ್ದಾಳೋ ಇಲ್ಲವೋ, ಇದೊಂದೇ ತಲೆಯಲ್ಲಿ. ಸತ್ತಿದ್ದರೆ ಅವಳ ಹೆಸರು ಹಿಡಿದು ಅಳುವ ಹಕ್ಕೂ ನನಗಿಲ್ಲ, ಅದನ್ನೂ ನಾನೇ ನಿಷೇಧಿಸಿದ್ದೆ. ದೇವರ ಮುಂದೆ ಎಂಥ ಶೂರ!

ಬೇರಿಕೆ ತಲುಪಿದಾಗ ಒಂಬತ್ತೂವರೆ. ಆರೋಗ್ಯಮ್ಮ ಅಂಗಡಿಯವನನ್ನು ಕೇಳಿ ಮನೆ ಪತ್ತೆ ಮಾಡಿದಳು. ಅಲ್ಲಿ ಬೆಳಿಗ್ಗೆಯಿಂದಲೇ ಕರೆಂಟಿರಲಿಲ್ಲವಂತೆ, ಫೋನು ಆಫಾಗಿದ್ದು ಅದಕ್ಕೇ. ಬಾಗಿಲು ತಟ್ಟಿದೆ. ಮಂಜುನಾಥ ನೈಟ್ ಶಿಫ್ಟಿಗೆ ಹೋಗಿದ್ದ, ಸೀಮೆಎಣ್ಣೆ ಬುಡ್ಡಿ ಹಿಡಿದು ಅವನ ತಾಯಿ ಮುನಿಯಮ್ಮ ಬಂದರು.

ಬುಡ್ಡಿ ಎತ್ತಿ ನನ್ನ ಮುಖ ನೋಡಿ, "ಬೀಗ್ರಾ... ಆಗ್ಲೇ ಬಂದು ಮಗಳ್ನ ಕರ್ದು, ಇಷ್ಟೊತ್ತು ಎಲ್ಲಿಗೋಗ್ಬುಟ್ರಿ?" ಎಂದರು.

"ನಾವಾ? ಈಗ್ತಾನೆ ಬತ್ತಾ ಇದೀವಿ" ಎಂದಳು ಆರೋಗ್ಯಮ್ಮ.

"ಎಂಟು ಗಂಟೆ ಮೇಲೆ ಗಂಡಸರ ದನಿ ಕೇಳ್ತಲ್ಲಮ್ಮ, ಸ್ಟೆಲ್ಲಾ ಅಂತ. ನಾನು ಬಾಗ್ಲು ತೆಗ್ಯೋ ಹೊತ್ಗೆ ಯಾರೂ ಇರ್ನಿಲ್ಲ. ಬೀಗ್ರು ಬಂದು ಮನಸ್ ತಡೀದೆ ವಾಪಸ್ ಹೊಂಟೋದ್ರೇನೋ ಅಂದ್ಕೊಂಡೆ."

ಅವರ ಹಿಂದೆ ಸ್ಟೆಲ್ಲಾ ನಿಂತಿದ್ದಳು. ಜೀವಂತವಾಗಿ, ಕಾಲ ಮೇಲೆ ನಿಂತಿದ್ದಳು. ತಲೆಯ ಮೇಲೆ ಬಿಳಿ ಮುಸುಕು. ಚರ್ಚಿನಲ್ಲಿ ಅವಳು ಮೊದಲ ಸಲ ಪರಮಪ್ರಸಾದ ತೆಗೆದುಕೊಂಡ ದಿನಕ್ಕೆಂದು ನಾನೇ ತಂದುಕೊಟ್ಟಿದ್ದು ಅದು. ಅವಳು ಹತ್ತಿರ ಬಂದಾಗ ನುಸಿಗುಳಿಗೆಯ ವಾಸನೆ ಬಂತು.

"ದಿನಾ ಎಂಟಕ್ಕೆ ಒಬ್ಳೇ ಕೂತು ಹೇಳ್ತೀನಿ ಅಪ್ಪಾ, ಅರ್ಧನೂ ನಾನೇ, ಉಳಿದರ್ಧನೂ ನಾನೇ. ಅತ್ತೆ ಏನೂ ಅನ್ನಲ್ಲ. ಇವತ್ತು ಯಾಕೋ ಪೆಟ್ಟಿಗೆಯಿಂದ ಮುಸುಕು ತೆಗೀಬೇಕು ಅನ್ನಿಸ್ತು. ಮೂರನೇ ಹತ್ತಲ್ಲಿ ನನ್ಗೆ ಯಾರೋ ಉತ್ತರ ಕೊಡ್ತಿದ್ರು... ನೀವು, ಅಮ್ಮ, ಜೋಸೆಫು. ಹೆದ್ರಿಕೇಲಿ ನಿಲ್ಸೋಕೂ ಆಗ್ಲಿಲ್ಲ. ಕೊನೇಗೆ ನೀವು ಬೈದ್ರಿ."

"ಏನಂತ?" ನನ್ನ ಗಂಟಲಿನಿಂದ ಗಾಳಿಯಷ್ಟೇ ಬಂತು.

"ಹನ್ನೊಂದಾಯ್ತು ಕಣೇ ಸ್ಟೆಲ್ಲಾ ಅಂತ. ಜೋರಾಗೇ ಬೈದ್ರಲ್ಲಪ್ಪಾ, ಅತ್ತೆಗೂ ಕೇಳಿಸ್ತು." ಅವಳು ಅಳುತ್ತಿದ್ದಳು, ನಗುತ್ತಲೂ ಇದ್ದಳು. "ಮೂರು ವರ್ಷ ಆದ್ಮೇಲೆ ನನ್ನ ಹೆಸ್ರು ಹಿಡ್ದು ಕರೆದ್ರಿ. ನನಗಷ್ಟೇ ಸಾಕು. ನೀವೇ ಅಲ್ವಾ ಅಪ್ಪಾ?"

ಆರೋಗ್ಯಮ್ಮ ನನ್ನ ಮುಖ ನೋಡಿದಳು. ನಾನು ಬಾಯಿ ಬಿಟ್ಟಿರಲಿಲ್ಲವೆಂದು ಅವಳಿಗೂ ಗೊತ್ತು.

"ಹೂಂ, ನಾನೇ" ಎಂದೆ. ನನ್ನ ಜೀವನದಲ್ಲಿ ಅಳತೆಗೆ ಬಾರದ ಪೀಸೊಂದನ್ನು ಪಾಸು ಮಾಡಿದ್ದು ಅವತ್ತೇ.

ಇದಾಗಿ ಎಂಟು ತಿಂಗಳಾಯಿತು. ಫಾದರ್‌ಗೆ ಹೇಳಿದರೆ ದೇವರ ಕೃಪೆ ಎಂದರು. ಅವರಿಗೆ ಎಲ್ಲವೂ ದೇವರ ಕೃಪೆ, ಕಾಫಿ ಬಿಸಿಯಿದ್ದರೂ ಸಾಕು. ಕ್ಯಾಂಟೀನಿನವರಿಗೆ ಹೇಳಿಲ್ಲ, ಆ ಮೂರ್ಖರ ಸಾಲಿನಲ್ಲಿ ನಾನೂ ಕೂರುವುದಕ್ಕೆ ಇಷ್ಟವಿಲ್ಲ. ಸ್ಟೆಲ್ಲಾಳೂ ಮಂಜುನಾಥನೂ ಭಾನುವಾರ ಮನೆಗೆ ಬರುತ್ತಾರೆ. ಅವನ ಮೀಸೆ ಇನ್ನೂ ನೆಟ್ಟಗಾಗಿಲ್ಲ.

ಮಿಕ್ಕ ದಿನ ಮೂರನೇ ಹತ್ತು ನನ್ನದೇ. ಈಗ ಕತ್ತಲಲ್ಲಿ ಜಪಕ್ಕೆ ಕೂರುವುದಿಲ್ಲ. ಹತ್ತು ಮಣಿ ಮುಗಿದ ಮೇಲೆ ಬೇಗ ಬೇಗ ಮುಂದಕ್ಕೆ ಹೋಗುತ್ತೇನೆ, ನಡುವೆ ಸದ್ದಿಲ್ಲದ ಜಾಗ ಉಳಿಯಬಾರದು ಎಂದು. ನನ್ನ ಮಗಳನ್ನು ಅವತ್ತು ನನ್ನ ದನಿಯಲ್ಲಿ ಕರೆದವನೊಬ್ಬ ಇದ್ದಾನೆ. ನನಗೆ ಬಾಯಿ ಬಾರದಿದ್ದಾಗ ಅವನಿಗೆ ಬಂತು, ಅಳೆದು ನೋಡಿದರೆ ಅವನೇ ನನಗಿಂತ ಒಳ್ಳೆಯ ಅಪ್ಪ. ಭಾನುವಾರ ಬಾಗಿಲು ತಟ್ಟಿ "ಅಪ್ಪಾ" ಎನ್ನುತ್ತಾ ಒಳಗೆ ಬರುವ ಸ್ಟೆಲ್ಲಾ ನಮ್ಮಿಬ್ಬರಲ್ಲಿ ಯಾರನ್ನು ಕರೆಯುತ್ತಿದ್ದಾಳೋ, ಕೇಳಲು ನನಗೆ ಧೈರ್ಯವಿಲ್ಲ.