ತೊಗರಿ ಹರವಿದ ರಸ್ತೆ

ಜನವರಿಯ ಎರಡನೆಯ ಭಾನುವಾರ, ಬೆಳಗಿನ ಎಂಟು ಗಂಟೆ. ಬಸವನ ಬಾಗೇವಾಡಿಯ ಹೊರಗೆ, ಮಸೂತಿಯ ಕಡೆ ಹೋಗುವ ರಸ್ತೆಯ ಬದಿ. ಹಾಜರಿದ್ದವರು ನಾನು, ಹತ್ತನೆಯ ತರಗತಿ ಓದುವ ನನ್ನ ಮಗಳು, ಅವಳಿಗೆ ಸೈಕಲ್ ಕಲಿಸುವ ಮಾಸ್ತರು, ಮತ್ತೆ ಇಂಡಿ, ಸಿಂದಗಿ, ಮುದ್ದೇಬಿಹಾಳದ ಕಡೆಯಿಂದೆಲ್ಲ ಬಂದ ಹುಡುಗಿಯರು.

ಸೈಕಲ್ ಓಟದ ತರಬೇತಿ ಕೊಡುವ ಹಾಸ್ಟೆಲ್ಲಿಗೆ ಆಯ್ಕೆ ನಡೆಯುವ ದಿನ ಅದು. ಒಬ್ಬೊಬ್ಬರನ್ನೇ ಬಿಡುತ್ತಾರೆ. ಗುರುತು ಮಾಡಿದ ಕಲ್ಲಿನವರೆಗೆ ಹೋಗಿ, ತಿರುಗಿ, ಹೊರಟಲ್ಲಿಗೇ ಬರಬೇಕು. ಕಡಿಮೆ ಹೊತ್ತಿನಲ್ಲಿ ಬಂದ ಮೊದಲ ನಾಲ್ವರಿಗೆ ಮಾತ್ರ ಜಾಗ. ಮುಂದಿನ ವರ್ಷ ವಯಸ್ಸು ಮೀರುವುದರಿಂದ ನನ್ನ ಮಗಳಿಗೆ ಇದೇ ಕೊನೆಯ ಅವಕಾಶ.

ನಾನು ಮಠದ ಬೋರ್ಡಿಂಗಿನಲ್ಲಿ ಗಂಟೆಯ ಸದ್ದಿಗೆ ಏಳುತ್ತ, ಉಣ್ಣುತ್ತ ಬೆಳೆದವನು. ಉಳಿದ ಹುಡುಗರು ಹುತುತು ಆಡುವಾಗ ಅವರ ಅಂಗಿಗಳನ್ನು ಮಡಿಚಿ ಸಾಲಾಗಿ ಇಡುವ ಕೆಲಸ ನನ್ನದಾಗಿತ್ತು. ಆಟಕ್ಕೆ ಕರೆದರೆ ಎರಡೂ ಪಕ್ಷದವರು ನನ್ನನ್ನು ಬೇಡವೆನ್ನುತ್ತಿದ್ದರು. ಸೈಕಲ್ ಕೂಡ ಕಲಿಯಲಿಲ್ಲ. ಗಣಿತ ಕಲಿಸಿ ನಿವೃತ್ತನಾಗುವವರೆಗೂ ನಡೆದೇ ಶಾಲೆಗೆ ಹೋದೆ. ಮದುವೆಯಾಗಿ ಬಹಳ ವರ್ಷಗಳ ಮೇಲೆ ಹುಟ್ಟಿದ ಈ ಹುಡುಗಿ, ಶಾಲೆಯಲ್ಲಿ ಕೊಟ್ಟ ಸೈಕಲ್ ಹತ್ತಿ ಸಿಂದಗಿಯ ರಸ್ತೆಯಲ್ಲಿ ಟಂಟಂ ಆಟೋಗಳನ್ನು ಹಿಂದೆ ಹಾಕುತ್ತಾಳೆಂದು ಮೊದಲು ಹೇಳಿದವರು ಈ ಮಾಸ್ತರು. ಬೈಯಬೇಕೋ ಹೊಗಳಬೇಕೋ ತಿಳಿಯದೆ ಅವತ್ತು ನಾನು ಎರಡು ಸಲ ಸ್ನಾನ ಮಾಡಿದೆ.

ಹಿಂದಿನ ಸಂಜೆಯೇ ನಾನು ದಾರಿಯನ್ನೆಲ್ಲ ನೋಡಿ ಬಂದಿದ್ದೆ. ತಿರುಗುವ ಕಲ್ಲಿಗಿಂತ ಸ್ವಲ್ಪ ಈಚೆ, ಇಳಿಜಾರಿನಲ್ಲಿ, ರಸ್ತೆಯ ಬದಿಗೆ ತೊಗರಿಯ ಕಟ್ಟುಗಳನ್ನು ಒಟ್ಟಿದ್ದರು. ಅಂದರೆ ಬೆಳಗಾದರೆ ಡಾಂಬರಿನ ಮೇಲೆ ಹರವುತ್ತಾರೆ. ಬಸ್ಸು ಲಾರಿಗಳು ತುಳಿದು ಕಾಯಿ ಒಡೆಯುತ್ತವೆ, ಆಮೇಲೆ ಕಟ್ಟಿಗೆ ಎತ್ತಿ ಕಾಳು ಗುಡಿಸಿಕೊಳ್ಳುತ್ತಾರೆ. ನಮ್ಮ ಕಡೆ ರಸ್ತೆಯೇ ಕಣ. ಹೋದ ವರ್ಷ ನಮ್ಮ ಓಣಿಯ ಹುಡುಗಿಯೊಬ್ಬಳು ಇಂಥದರ ಮೇಲೆಯೇ ಜಾರಿ ಹೆಗಲ ಎಲುಬು ಮುರಿದುಕೊಂಡಳು. ಆಮೇಲೆ ಅವಳು ಸೈಕಲ್ ಮುಟ್ಟಲಿಲ್ಲ.

"ಮಾಸ್ತರ, ಮುಂದ ಇಳಜಾರದಾಗ ತೊಗರಿ ಹರವಿರ್ತಾರ," ಎಂದೆ.

"ಹರವಲಿ ಬಿಡ್ರಿ ಸರ, ಇದೇನ್ ಹೊಸಾದೇನು? ನೀವು ಒಂದ್ ಕಪ್ ಚಾ ಕುಡೀರಿ. ನಿಮ್ಮ ಮಾರಿ ನೋಡಿದ್ರ ಆಕೀನೂ ಅಂಜತಾಳ."

ಮಗಳೂ ಹೆಲ್ಮೆಟ್ಟಿನ ಪಟ್ಟಿ ಬಿಗಿಯುತ್ತ, "ಅಪ್ಪಾ, ಅತ್ತಾಗ ಇತ್ತಾಗ ಅಡ್ಡಾಡಬ್ಯಾಡ. ಒಂದ ಕಡೆ ಕುಂದ್ರು," ಎಂದಳು.

ಕೂಡ್ರಲು ಆಗಲಿಲ್ಲ. ಹಾದು ಹೋಗುತ್ತಿದ್ದ ಟಂಟಂ ಹತ್ತಿದೆ.

ಊಹಿಸಿದ್ದೇ ಆಗಿತ್ತು. ರಸ್ತೆಯ ಆ ಅಂಚಿನಿಂದ ಈ ಅಂಚಿಗೆ ತೊಗರಿ. ಬೇವಿನ ನೆರಳಿನಲ್ಲಿ ನನಗಿಂತ ಹಿರಿಯಳಾದ ಹೆಣ್ಣುಮಗಳೊಬ್ಬಳು, ಪಕ್ಕದಲ್ಲಿ ಸೊಸೆ.

"ಅಕ್ಕಾರ, ಒಂದ್ ತಾಸು ಇದನ್ನ ಬದಿಗಿ ಸರಸ್ರಿ. ಹುಡುಗ್ಯಾರು ಸೈಕಲ್ ಮ್ಯಾಲ ಬರಾಕತ್ತಾರ."

"ಬರಲಿ. ಲಾರಿ ತುಳದಂಗ ಅವೂ ತುಳದು ಹೋಗ್ಲಿ."

"ಜಾರಿ ಬೀಳ್ತಾರವ್ವಾ."

"ನೀ ಯಾರಪಾ ತಮ್ಮಾ, ಪೊಲೀಸೇನು?"

"ಅಲ್ಲ. ಅದರಾಗ ಒಬ್ಬಾಕಿ ನನ್ನ ಮಗಳು."

ಅವಳು ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. "ಈ ಹೊಟ್ಟಿ ಹೊತ್ಕೊಂಡು ನೀನ ಕಲಿಸಿದೇನು ಸೈಕಲ್ಲು?"

"ನನಗ ಸೈಕಲ್ ಬರಂಗಿಲ್ಲ."

ಸೊಸೆ ಸೆರಗು ಬಾಯಿಗೆ ಒತ್ತಿಕೊಂಡಳು. ಮುದುಕಿ ಮಾತ್ರ ನಗಲಿಲ್ಲ. "ಹಂಗಾರ ನೀನ ಸರಸು. ಸರಸಿದಂಗ ಹೊಳ್ಳಿ ಹರವಿ ಕೊಡಬೇಕು. ನಮ್ಮ ರಾಶಿ ಇವತ್ತ ಆಗಬೇಕು."

"ಹರವಿ ಕೊಡ್ತೇನಿ," ಎಂದು ಮಾತು ಕೊಟ್ಟೆ.

ಬಗ್ಗಿ ಎರಡು ತೋಳಿನಲ್ಲಿ ಎತ್ತುವಷ್ಟರಲ್ಲೇ ಮೊದಲ ಹುಡುಗಿ ಬಂದಳು. ಇಳಿಜಾರಿನ ವೇಗ. ತೊಗರಿಯ ಮೇಲೆ ಗಾಲಿ ಹತ್ತಿದ್ದೇ ಹಿಂಬದಿ ಪಕ್ಕಕ್ಕೆ ಜಾರಿತು. ಹೇಗೋ ಕಾಲು ಕೊಟ್ಟು ನಿಂತಳು. ಚೈನಿಗೆ ಸುತ್ತಿಕೊಂಡ ಕಟ್ಟಿಗೆಯನ್ನು ಕಿತ್ತೆಸೆದು ಮತ್ತೆ ಹತ್ತಿದಳು. ಅವಳ ಕಣ್ಣಲ್ಲಿ ನೀರಿತ್ತು. ಯಾರ ಮಗಳೋ. ಅಷ್ಟು ಹೊತ್ತು ಕಳೆದುಕೊಂಡ ಮೇಲೆ ನಾಲ್ವರಲ್ಲಿ ಅವಳಿಲ್ಲ ಎಂದು ನನಗೂ ತಿಳಿಯಿತು, ಅವಳಿಗೂ.

ಆಮೇಲೆ ನಾನು ಬೆನ್ನಿನ ನೋವು ನೋಡಲಿಲ್ಲ, ಮೊಣಕಾಲಿನ ನೋವು ನೋಡಲಿಲ್ಲ. ಎಡಬದಿಯ ತೊಗರಿಯನ್ನು ಎತ್ತಿ ಎತ್ತಿ ಹಾಕಿದೆ. ಕಾಳಿನ ಮೇಲೂ ಗಾಲಿ ನಿಲ್ಲುವುದಿಲ್ಲವೆಂದು ಕಸಬರಿಗೆ ಇಸಿದುಕೊಂಡು ಗುಡಿಸಿದೆ. ಒಬ್ಬಳು ಹೋದಳು, ಇನ್ನೊಬ್ಬಳು ಹೋದಳು. ಮಗಳು ಬಂದಾಗ ನಾನು ಗುರುತು ಹಿಡಿಯಲಿಲ್ಲ. ಮನೆಯಲ್ಲಿ ಗೋಡೆಗೆ ಒರಗಿ, ಕಾಲು ಚಾಚಿ ಉಣ್ಣುವ ಹುಡುಗಿ ಹ್ಯಾಂಡಲಿನ ಮೇಲೆ ಮಲಗಿದಂತೆ ಬಾಗಿದ್ದಳು. ತಲೆ ಎತ್ತಲಿಲ್ಲ, ಬ್ರೇಕು ಹಿಡಿಯಲಿಲ್ಲ. ಗಾಳಿ ಬಡಿದದ್ದಷ್ಟೇ ನನಗೆ ತಿಳಿದದ್ದು. ನನ್ನ ಮೈಯಿಂದ ಇಂಥದೊಂದು ಹೇಗೆ ಹುಟ್ಟಿತು ಎಂದು ಕಸಬರಿಗೆ ಹಿಡಿದು ನಿಂತುಬಿಟ್ಟೆ.

"ಇದ ಏನು ನಿನ್ನ ಕೂಸು?" ಎಂದಳು ಮುದುಕಿ.

"ಹೂನವ್ವಾ."

"ಹಂಗ್ಯಾಕ ನಿಂತಿ ಮತ್ತ? ಹ್ವಾದ ಕೂಸು ಹೊಳ್ಳಿ ಬರಂಗಿಲ್ಲೇನು?"

ಬಲಬದಿಗೆ ತಿರುಗಿ ನೋಡಿದೆ. ರಸ್ತೆಯಲ್ಲಿ ಎಡಕ್ಕೇ ನಡೆಯಬೇಕೆಂದು ಜೀವಮಾನವೆಲ್ಲ ಮಕ್ಕಳಿಗೆ ಹೇಳಿದವನು ಎಡಬದಿಯನ್ನಷ್ಟೇ ಗುಡಿಸಿದ್ದೆ. ತಿರುಗಿ ಬರುವವರಿಗೆ ಎಡಬದಿ ಆಚೆಯದು. ಅಲ್ಲಿ ತೊಗರಿ ಹರವಿದಂತೆಯೇ ಇತ್ತು, ಮೇಲೆ ನಾನೇ ಎತ್ತಿ ಹಾಕಿದ್ದೂ ಸೇರಿತ್ತು. ಮೊದಲು ತಿರುಗಿ ಬಂದವರು ಅಲ್ಲಿ ಇಳಿದು ಸೈಕಲ್ ತಳ್ಳಿಕೊಂಡು ಹೋದದ್ದನ್ನು ಬಗ್ಗಿದವನು ಗಮನಿಸಿಯೇ ಇರಲಿಲ್ಲ. ಕಲ್ಲು ಅಲ್ಲೇ ಮುಂದೆ. ಅವಳು ತಿರುಗಿ ಬರಲು ಎಷ್ಟು ಹೊತ್ತು?

ಎರಡು ತೋಳಿಗೆ ಸಾಲುವ ಕೆಲಸವಲ್ಲ ಅದು. ನಾನು ಬಗ್ಗಿದೆ, ಏಳಲು ಆಗಲಿಲ್ಲ. ಆಗ ಮುದುಕಿ ಎದ್ದಳು. "ಏ ಹುಡುಗೀ, ತಾಡಪತ್ರಿ ತಾ!" ಎಂದು ಸೊಸೆಗೆ ಕೂಗಿದಳು. ತಾಡಪತ್ರಿಯ ಮೇಲೆ ತೊಗರಿ ದಬ್ಬಿ ಮೂವರೂ ಎಳೆದೆವು. ಅಷ್ಟರಲ್ಲಿ ಕಬ್ಬಿನ ಟ್ರ್ಯಾಕ್ಟರೊಂದು ಹಾರ್ನು ಹೊಡೆಯುತ್ತ ಬಂತು. ಮುದುಕಿ ನಡುರಸ್ತೆಯಲ್ಲಿ ಕೈ ಅಡ್ಡ ಹಿಡಿದು ನಿಂತಳು.

"ಏ ಬಾಡ್ಯಾ, ನಿಂದ್ರು! ಕಾರ್ಖಾನಿ ಏನ್ ಓಡಿ ಹೊಂಟೈತಿ?"

ಡ್ರೈವರು ಎಂಜಿನ್ ಆರಿಸಿದ. ಆ ಮೌನದಲ್ಲಿ ಚೈನಿನ ಸದ್ದು ಕೇಳಿತು. ನಾವು ಬಿಡಿಸಿದ್ದು ಒಂದು ಮಾರಿನಷ್ಟು ಅಗಲ. ಮಗಳು ಏರಿನ ಕಡೆ ಹಲ್ಲು ಕಚ್ಚಿ, ಎದ್ದು ನಿಂತು ತುಳಿಯುತ್ತ, ಆ ಮಾರಿನೊಳಗೇ ಹಾದು ಹೋದಳು. ಈ ಸಲ ನನ್ನನ್ನು ನೋಡಿದಳು. ಮುಖದಲ್ಲಿ ಸಿಟ್ಟಿತ್ತು.

ಕೊನೆಯ ಹುಡುಗಿ ದಾಟುವವರೆಗೆ ಅಲ್ಲೇ ಇದ್ದೆ. ಆಮೇಲೆ ಹರವಲು ತೊಡಗಿದೆ. ನಡುವೆ ಮಾಸ್ತರ ಫೋನು ಬಂತು. "ಸರ, ಎಲ್ಲಿದ್ದೀರಿ? ನಾಕನೇದಾಕಿ ನಿಮ್ಮ ಮಗಳು! ಆಗೇತ್ರಿ! ಸಂಕ್ರಾಂತಿ ಮುಗಿಸಿ ಹಾಸ್ಟೆಲ್ಲಿಗಿ ಕಳಸ್ರಿ."

ಖುಷಿಯಾಯಿತು. ಆ ಖುಷಿ ಗಂಟಲು ದಾಟುವ ಮೊದಲೇ, ಅಲ್ಲಿ ಅವಳು ಯಾವ ರಸ್ತೆಗಳಲ್ಲಿ ಓಡಿಸುತ್ತಾಳೋ, ಅವುಗಳ ಮೇಲೆ ಏನೇನು ಬಿದ್ದಿರುತ್ತದೋ ಎಂದು ಚಿಂತೆ ಹತ್ತಿತು.

ಸ್ವಲ್ಪ ಹೊತ್ತಿಗೆ ಅವಳೇ ಸೈಕಲ್ ತುಳಿಯುತ್ತ ಬಂದಳು.

"ಅಪ್ಪಾ, ನಿನಗ ಬುದ್ಧಿ ಐತೇನು? ಟ್ರ್ಯಾಕ್ಟರ್ ಮುಂದ ತಾಡಪತ್ರಿ ಎಳಕೋತ ನಿಂತೀದಿ! ನನ್ನ ಜೀವಾ ಹೋಗಿತ್ತು ಅಲ್ಲಿ. ನಾ ಬಿದ್ರ ಏಳ್ತೇನಿ, ನೀ ಬಿದ್ರ ಯಾರ್ ಎಬ್ಬಸ್ತಾರ?"

ನಾನು ತಾಡಪತ್ರಿ ಎಳೆಯುತ್ತಲೇ ಇದ್ದೆ. ಮುದುಕಿಯೇ ಹೇಳಿದಳು: "ಬೈಯೋದು ಆಮ್ಯಾಲ ಬೈಯವಾ. ಮೊದಲ ಆ ತುದಿ ಹಿಡಿ."

ಮಗಳು ಸೈಕಲ್ಲನ್ನು ಬೇವಿಗೆ ಒರಗಿಸಿ ತಾಡಪತ್ರಿಯ ಆ ತುದಿ ಹಿಡಿದಳು. ಎಡಬದಿ ಹರವಿದೆವು, ಬಲಬದಿ ಹರವಿದೆವು. ಬದಿಗೆ ಸಿಡಿದ ಕಾಳನ್ನೂ ಗುಡಿಸಿ ಒಳಗೆ ಸೇರಿಸಿದೆ. ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಕೆಲಸ ಮುಗಿಯಿತು.